ರಾರ್ ಅಂದರೆ ನಾನು

ನನ್ನನ್ನು ಮೊದಲ ಸಲ "ರಾರ್" ಅಂದವನು ಡೆನ್ಮಾರ್ಕಿನ ಒಬ್ಬ ಅಪ್ಪ. ನಾನು ಕೆಲಸಕ್ಕಿದ್ದ ನರ್ಸರಿಗೆ ಮಗಳನ್ನು ಬಿಡಲು ಬಂದಿದ್ದ. ಮೂರು ವರ್ಷದ ಹುಡುಗಿ, ದುಬೈಗೆ ಹೊಸತು, ಅಪ್ಪನ ಕಾಲಿಗೆ ಜೋತುಬಿದ್ದು ಬೊಬ್ಬೆ ಹೊಡೆಯುತ್ತಿತ್ತು. ನಾನು ನೆಲದಲ್ಲಿ ಕೂತು ಅದರ ಶೂ ಬಿಚ್ಚುತ್ತಾ, ಬ್ಯಾರಿಯಲ್ಲೋ ಕನ್ನಡದಲ್ಲೋ ಬಾಯಿಗೆ ಬಂದದ್ದನ್ನು ಗುನುಗುತ್ತಿದ್ದೆ. ಮಗು ಅಳು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡಿತು. ಆಗ ಅಪ್ಪ ಬಗ್ಗಿ, ನನ್ನ ಕಡೆ ಕೈ ತೋರಿಸಿ, ಮಗಳ ಕಿವಿಯಲ್ಲಿ ಏನೋ ಹೇಳಿದ. ನನಗೆ ಬಿಡಿಯಾಗಿ ಕೇಳಿದ್ದು ಆ ಒಂದು ಶಬ್ದ. ಹೇಳಿ ನಕ್ಕ. ಏನೋ ಒಳ್ಳೆಯದೇ ಇರಬೇಕು ಅಂತ ನಾನೂ ನಕ್ಕೆ.

ಕೆಲವು ದಿನ ಬಿಟ್ಟು ಮಗುವಿನ ಅಮ್ಮ ಬಂದಳು. ಅವಳು ನಾರ್ವೆಯವಳು. ಅವತ್ತೂ ನಾನು ನೆಲದಲ್ಲೇ ಕೂತಿದ್ದೆ, ಅವತ್ತೂ ಗುನುಗುತ್ತಿದ್ದೆ. ಅವಳು ಸ್ವಲ್ಪ ಹೊತ್ತು ನಿಂತು ನೋಡಿ ಫೋನಿನಲ್ಲಿ ಗಂಡನ ಹತ್ತಿರ ಏನೋ ಹೇಳಿದಳು. ಮತ್ತೆ ಅದೇ ರಾರ್. ಆದರೆ ಹುಬ್ಬು ಗಂಟು. ನಗು ಗಿಗು ಏನೂ ಇಲ್ಲ.

ಅಲ್ಲ ಮಾರಾಯ್ರೆ, ಗಂಡ ನಗುತ್ತಾ ಹೇಳಿದ್ದನ್ನೇ ಹೆಂಡತಿ ಮುಖ ಗಂಟಿಕ್ಕಿ ಹೇಳಿದರೆ ನಾನು ಯಾವುದನ್ನು ನಂಬುವುದು? ನನ್ನ ಸ್ವಭಾವ ಹೇಗೆಂದರೆ, ಯಾರಾದರೂ ನನ್ನ ಎದುರೇ ನಿಂತು ನನಗೆ ತಿಳಿಯದ ಭಾಷೆಯಲ್ಲಿ ನನ್ನ ಬಗ್ಗೆ ಮಾತಾಡಿದರೆ ಅವತ್ತು ನನಗೆ ಊಟ ಸೇರುವುದಿಲ್ಲ. ನಮ್ಮ ಕ್ಲಾಸಿನ ಟೀಚರ್ ಸ್ವೀಡನ್ನಿನ ಹುಡುಗಿ, ನಾನು ಅವಳ ಸಹಾಯಕಿ. ಮಧ್ಯಾಹ್ನ ಮಕ್ಕಳನ್ನು ಮಲಗಿಸಿದ ಮೇಲೆ ಅವಳನ್ನು ನೇರ ಕೇಳಿಯೇಬಿಟ್ಟೆ, "ರಾರ್ ಅಂದರೆ ಎಂತ?"

ಅವಳಿಗೆ ನಗು ತಡೆಯಲಿಲ್ಲ. ಮಕ್ಕಳು ಏಳಬಾರದೆಂದು ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಹೇಳಿದಳು. ಅಪ್ಪ ಡೇನ್, ಅವನ ಬಾಯಲ್ಲಿ ರಾರ್ ಅಂದರೆ ಒಳ್ಳೆಯವಳು, ದಯೆ ಇರುವವಳು. ಅಮ್ಮ ನಾರ್ವೆ, ಅವಳ ಬಾಯಲ್ಲಿ ರಾರ್ ಅಂದರೆ ವಿಚಿತ್ರ. ನಮ್ಮ ಕಡೆ "ಒಂದು ನಮೂನೆ ಜನ" ಅನ್ನುತ್ತೇವಲ್ಲ, ಅದು.

"ಮತ್ತೆ ನಿಮ್ಮಲ್ಲಿ?" ಅಂತ ಕೇಳಿದೆ.

"ನಮ್ಮಲ್ಲಿ ಮುದ್ದು ಅಂತ. ಅಜ್ಜಿಯನ್ನು, ಪುಟ್ಟ ಮಗುವನ್ನು ಹಾಗೆ ಅನ್ನುತ್ತೇವೆ," ಅಂದಳು.

ಈ ಮೂರೂ ದೇಶದವರು ಎದುರುಬದುರು ಕೂತರೆ ಒಬ್ಬರ ಮಾತು ಒಬ್ಬರಿಗೆ ಹೆಚ್ಚುಕಡಿಮೆ ತಿಳಿಯುತ್ತದಂತೆ. ಆದರೂ ಒಂದೇ ಸೂರಿನಡಿ ಮಲಗುವ ಗಂಡಹೆಂಡಿರ ಬಾಯಲ್ಲಿ ಒಂದೇ ಶಬ್ದ ಹೀಗೆ ಎರಡು ದಿಕ್ಕಿಗೆ ಮುಖ ಹಾಕಿ ನಿಂತಿದೆ. ಮದುವೆಗೆ ಮೊದಲು ಇವನು ಅವಳನ್ನು ಪ್ರೀತಿಯಿಂದ ರಾರ್ ಅಂದಿರಬೇಕು, ಅವಳು ಎರಡು ದಿನ ಮಾತು ಬಿಟ್ಟಿರಬೇಕು ಅಂತ ಟೀಚರ್ ಕುಚೋದ್ಯ ಮಾಡಿದಳು. ನನಗೂ ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ನಾನು ವಿಚಿತ್ರ ಅಂತ ಹೇಳಿದವಳ ಮಗಳ ಮೂಗು ಒರೆಸುವುದು ನಾನೇ ಅಲ್ವಾ.

ಅಲ್ಲಿಂದ ನನಗೆ ಅದೊಂದು ಹುಚ್ಚು ಹಿಡಿಯಿತು. ನಮ್ಮ ನರ್ಸರಿ ಇದ್ದದ್ದು ಸಿಲಿಕಾನ್ ಓಯಸಿಸ್ ಅನ್ನುವ ಬಡಾವಣೆಯ ಬದಿಯ ಒಂದು ವಿಲ್ಲಾದಲ್ಲಿ. ಬರುವ ಮಕ್ಕಳಲ್ಲಿ ಹೆಚ್ಚಿನವರು ಆ ಚಳಿ ದೇಶಗಳವರೇ. ಗೇಟಿನ ಹತ್ತಿರ ನಿಂತು ಒಬ್ಬೊಬ್ಬರನ್ನೇ ಕೇಳಲು ಶುರುಮಾಡಿದೆ. ಹಾಲೆಂಡಿನ ಅಪ್ಪ ಶಬ್ದವನ್ನು ಚೂಯಿಂಗ್ ಗಮ್ಮಿನ ಹಾಗೆ ಎಳೆದು, "ವಿಚಿತ್ರ ಅಂತ, ಯಾಕೆ ಕೇಳಿದಿರಿ?" ಅಂದ. ಜರ್ಮನಿಯ ತಾಯಿ ಮಾತ್ರ ಬೇರೆ ಹೇಳಿದಳು. ಅವರಲ್ಲಿ ರಾರ್ ಅಂದರೆ ಸಿಗಲಿಕ್ಕೆ ಅಪರೂಪವಾದದ್ದು. ಗೆಳೆಯರ ಕಣ್ಣಿಗೆ ಬೀಳದೆ ಓಡಾಡುವವನಿಗೆ, ಅವನು ತನ್ನನ್ನು ತಾನೇ ರಾರ್ ಮಾಡಿಕೊಂಡ ಅನ್ನುತ್ತಾರಂತೆ. ಎಲ್ಲದರ ತಾಯಿಬೇರು ಲ್ಯಾಟಿನ್ನಿನಲ್ಲಿ ಉಂಟು, ಅಲ್ಲಿಯೂ ಅಪರೂಪ ಎಂದೇ ಅರ್ಥ ಅಂತ ನಮ್ಮ ಟೀಚರ್ ಹುಡುಕಿ ಹೇಳಿದಳು. ನನಗೆ ಸರಿಯೆನಿಸಿತು. ಅಪರೂಪಕ್ಕೆ ಕಂಡದ್ದನ್ನು ಕೆಲವರು ಮುದ್ದು ಮಾಡುತ್ತಾರೆ, ಕೆಲವರು ಹೆದರಿ ದೂರ ನಿಲ್ಲುತ್ತಾರೆ. ಮನುಷ್ಯರ ಬುದ್ಧಿಯೇ ಅಷ್ಟು.

ನಮಗೇನು ಇದು ಹೊಸತಾ? ನಾನು ಹುಟ್ಟಿದ್ದು ಮಂಗಳೂರಿನ ಹೊಳೆಯಾಚೆ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಚೆಮನೆಯವರ ಹತ್ತಿರ ಕೊಂಕಣಿ. ದುಬೈಗೆ ಬಂದ ಹೊಸತರಲ್ಲಿ ಅಲ್ ಕುಸೈಸ್‌ನ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಲಕ್ನೋದ ಒಬ್ಬರು ಹೆಂಗಸು, ಮಗನ ಶಿಕ್ಷಾ ಹೇಗೆ ನಡೀತಿದೆ ಅಂತ ಹಿಂದಿಯಲ್ಲಿ ವಿಚಾರಿಸಿದರು. ನಾನು ರೇಗಿ, "ನಾವು ಮಕ್ಕಳಿಗೆ ಹೊಡೆಯುವವರಲ್ಲ," ಅಂದುಬಿಟ್ಟೆ. ಅವರಿಗೆ ಅದು ವಿದ್ಯೆ, ನನಗೆ ಬೆತ್ತ. ಈಗಲೂ ಅವರು ಲಿಫ್ಟಿನಲ್ಲಿ ಸಿಕ್ಕರೆ ನನ್ನ ಮುಖ ನೋಡಿ ನಗುತ್ತಾರೆ.

ಇರಲಿ. ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ.

ಹುಡುಗಿ ಊಟ ಮಾಡುತ್ತಿರಲಿಲ್ಲ. ನಮ್ಮ ನರ್ಸರಿಯ ಹೆಮ್ಮೆ ಏನೆಂದರೆ ಮಕ್ಕಳು ತಮ್ಮ ಡಬ್ಬ ತಾವೇ ತೆರೆದು, ತಮ್ಮ ಚಮಚದಲ್ಲಿ ತಾವೇ ತಿನ್ನಬೇಕು. ಸ್ವಾವಲಂಬನೆ. ಗೋಡೆಯ ಮೇಲೆ ಬಣ್ಣದ ಅಕ್ಷರದಲ್ಲಿ ಬರೆದೇ ಹಾಕಿದ್ದಾರೆ. ಆ ಚಳಿ ದೇಶದವರಿಗೆ ಅದು ದೊಡ್ಡ ಸಂಗತಿ. ಉಳಿದ ಮಕ್ಕಳು ಅರ್ಧ ಬಾಯಿಗೆ, ಅರ್ಧ ಮೈಗೆ ಮಾಡಿಕೊಂಡು ಹೇಗೋ ತಿನ್ನುತ್ತಿದ್ದವು. ಇದು ಮಾತ್ರ ಚಮಚ ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ಕೂತಿರುತ್ತಿತ್ತು. ಡಬ್ಬ ಹೇಗೆ ಬಂದಿತ್ತೋ ಹಾಗೇ ವಾಪಸು. ಮಧ್ಯಾಹ್ನದ ಹೊತ್ತಿಗೆ ಮುಖ ಬಾಡಿ, ಪಕ್ಕದ ಮಗುವನ್ನು ಕಚ್ಚಿ, ಆಮೇಲೆ ಅತ್ತು ಸೋತು ಮಲಗುತ್ತಿತ್ತು. ಹಸಿವಾದರೆ ತಾನೇ ತಿನ್ನುತ್ತದೆ, ಕಾಯಿರಿ ಅಂತ ನರ್ಸರಿಯವರು ಅಂದರು. ವಾರಗಟ್ಟಲೆ ಕಾದೆವು.

ಡಬ್ಬದಲ್ಲಿ ಬರುತ್ತಿದ್ದದ್ದು ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಮೀನು, ಚೂರು ಬೆಣ್ಣೆ. ಒಂದು ದಿನ ನೋಡುತ್ತೇನೆ, ಮೀನಿನಲ್ಲಿ ಮುಳ್ಳು. ತಾಯಿ ಪಾಪ, ಮಾರ್ಕೆಟಿನಿಂದ ಇಡೀ ಮೀನು ತಂದು ಬೇಯಿಸಿ ಕಳಿಸಿದ್ದಾಳೆ. ಸಮುದ್ರದ ಬದಿಯವಳೇ ಇರಬೇಕು, ನನ್ನ ಹಾಗೆ. ಮುಳ್ಳು ತೆಗೆಯೋಣ ಅಂತ ಕೈ ತೊಳೆದು ಬಂದು ಮೀನನ್ನು ಬೆರಳಲ್ಲಿ ಬಿಡಿಸಿದೆ. ಬೆರಳಿಗೆ ಮುಳ್ಳು ಗೊತ್ತಾಗುವಷ್ಟು ಯಾವ ಚಮಚಕ್ಕೂ ಗೊತ್ತಾಗುವುದಿಲ್ಲ. ಮುಳ್ಳು ತೆಗೆದಾದ ಮೇಲೆ ಕೈ ಅಷ್ಟಕ್ಕೇ ನಿಲ್ಲಲಿಲ್ಲ. ಆಲೂಗಡ್ಡೆಯನ್ನೂ ಸೇರಿಸಿ ಹಿಚುಕಿತು, ಸಣ್ಣ ಉಂಡೆ ಕಟ್ಟಿತು, ಮಗುವಿನ ಬಾಯಿಯ ಹತ್ತಿರ ಹೋಯಿತು. ನಮ್ಮ ಕಡೆಯ ಯಾವ ಹೆಂಗಸಿನ ಕೈಯೂ ಅಲ್ಲಿ ನಿಲ್ಲುವುದಿಲ್ಲ. ಹಸಿದ ಮಗು ಎದುರಿಗಿದ್ದರೆ ಅದು ಯಾರ ಮಗು ಅಂತ ಕೈ ಕೇಳುವುದಿಲ್ಲ.

ಮಗು ನನ್ನನ್ನು ನೋಡಿತು, ಉಂಡೆಯನ್ನು ನೋಡಿತು, ಬಾಯಿ ತೆರೆಯಿತು. ಡಬ್ಬ ಖಾಲಿ!

ಆಮೇಲೆ ದಿನಾ ಅದೇ ಕ್ರಮವಾಯಿತು. ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಅಲರ್ಜಿ ಗಿಲರ್ಜಿಯ ನಿಯಮ ನನಗೂ ಗೊತ್ತು. ಬೇರೆಯವರ ಡಬ್ಬದಿಂದ ಒಂದು ಅಗುಳೂ ನಾನು ಕೊಟ್ಟವಳಲ್ಲ. ಅದರ ಮನೆಯ ಊಟವನ್ನೇ ಅದಕ್ಕೆ ತಿನ್ನಿಸಿದ್ದು. ಮಗು ಕಚ್ಚುವುದನ್ನು ಬಿಟ್ಟಿತು, ಆಟಕ್ಕೆ ಸೇರಿತು, ನನ್ನ ಗುನುಗಿಗೆ ತಾನೂ ಗುನುಗತೊಡಗಿತು. ಟೀಚರಿಗೆ ಖುಷಿ. ಆ ಖುಷಿಯಲ್ಲಿ ಅವಳು ಒಂದು ಫೋಟೋ ತೆಗೆದು ತಾಯಿತಂದೆಯರೆಲ್ಲ ನೋಡುವ ಆ್ಯಪಿಗೆ ಹಾಕಿದಳು. ಮಗುವಿನ ತೆರೆದ ಬಾಯಿ, ಅದರ ಎದುರು ನನ್ನ ಐದು ಬೆರಳು.

ಮಾರನೆಯ ದಿನವೇ ಮ್ಯಾನೇಜರಿನಿಂದ ಕರೆ ಬಂತು. ನಮ್ಮ ಮ್ಯಾನೇಜರ್ ಉಡುಪಿ ಕಡೆಯ ಹೆಂಗಸು, ನನಗಿಂತ ಚಿಕ್ಕವಳು. ಎಲ್ಲರ ಎದುರು ಇಂಗ್ಲಿಷಿನಲ್ಲಿ ಹೆಸರು ಹಿಡಿದು ಕರೆಯುವವಳು ಬಾಗಿಲು ಹಾಕಿದ ಮೇಲೆ ಕನ್ನಡಕ್ಕೆ ಇಳಿಯುತ್ತಾಳೆ.

"ಕೂತುಕೊಳ್ಳಿ ಅಕ್ಕ," ಅಂದಳು. ಅಕ್ಕ ಅಂದರೆ ಏನೋ ಗ್ರಹಚಾರ ಉಂಟು ಅಂತಲೇ ಲೆಕ್ಕ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. "ಯಾರೋ ಒಬ್ಬರು ಪೇರೆಂಟ್ ಬರೆದಿದ್ದಾರೆ, ನಿಮ್ಮಲ್ಲಿ ಮಕ್ಕಳಿಗೆ ತಿನ್ನಿಸುವುದು ಹೀಗಾ ಅಂತ."

"ಹೌದು, ಹೀಗೇ ಅಂತ ಬರೆಯಿರಿ."

"ಹಾಗೆ ಹೇಳಿದರೆ ಆಗುತ್ತದಾ? ಹೈಜೀನ್ ಅಂತ ಒಂದುಂಟಲ್ಲ ಅಕ್ಕ."

"ಆ ಚಮಚ ದಿನಕ್ಕೆ ಎಷ್ಟು ಸಲ ನೆಲಕ್ಕೆ ಬೀಳುತ್ತದೆ ಅಂತ ಯಾರಾದರೂ ಫೋಟೋ ತೆಗೆದರಾ? ನೀವು ಸಣ್ಣದಿರುವಾಗ ಹೇಗೆ ಉಂಡದ್ದು ಮೇಡಂ?"

ಅವಳು ಬಾಗಿಲು ಸರಿಯಾಗಿ ಹಾಕಿದೆಯಾ ಅಂತ ನೋಡಿದಳು. "ಅದು ಮನೆ. ಇದು ದುಬೈ," ಅಂದಳು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ದೇವರು ಕೊಟ್ಟದ್ದು ಮೊದಲಿನ ಅರ್ಧ ಮಾತ್ರ. "ಹಾಗಾದರೆ ನಿಮ್ಮ ತಾಯಿ ದುಬೈಗೆ ಬಂದರೆ ಕೈ ಊರಲ್ಲೇ ಬಿಟ್ಟು ಬರಬೇಕಾ?" ಅಂತ ಕೇಳಿಬಿಟ್ಟೆ. ಅವಳ ಮುಖ ಸಣ್ಣಗಾಯಿತು. ಆಮೇಲೆ ಅವಳ ಬಾಯಲ್ಲಿ ಅಕ್ಕ ಬರಲಿಲ್ಲ. ಒಂದು ಕಾಗದ ಮುಂದೆ ಇಟ್ಟಳು. ನಾನು ಮಾಡಿದ್ದು ಅಶುಚಿಯಾದ ಕೆಲಸ, ಅದು ತಪ್ಪೆಂದು ಒಪ್ಪುತ್ತೇನೆ, ತರಬೇತಿ ಪಡೆಯುತ್ತೇನೆ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಕೆಳಗೆ ನನ್ನ ಸೈನಿಗೆ ಜಾಗ.

"ಉಣ್ಣಿಸಬೇಡಿ ಅಂದರೆ ನಾಳೆಯಿಂದ ನಿಲ್ಲಿಸುತ್ತೇನೆ," ಅಂದೆ. "ನರ್ಸರಿ ನಿಮ್ಮದು, ನಿಯಮ ನಿಮ್ಮದು. ಆದರೆ ಅಶುಚಿ ಅಂತ ಸೈನ್ ಹಾಕುವುದಿಲ್ಲ. ಈ ಕೈಯಿಂದ ನಾನು ಮಗನನ್ನು ಸಾಕಿದ್ದೇನೆ. ನನ್ನ ಉಮ್ಮ ಇಂಥದೇ ಕೈಯಿಂದ ನಮ್ಮನ್ನೆಲ್ಲ ಸಾಕಿದ್ದು. ಸೈನ್ ಹಾಕಿದರೆ ಅವರ ಕೈಗೂ ಸೇರಿಸಿ ಹಾಕಿದ ಹಾಗೆ."

ಮಗುವಿನ ತಾಯಿತಂದೆಯನ್ನೂ ಕರೆದು ಕೂತು ಮಾತಾಡೋಣ, ಅಷ್ಟರೊಳಗೆ ಯೋಚನೆ ಮಾಡಿ, ಸೈನ್ ಆಗದಿದ್ದರೆ ಕೆಲಸ ಉಳಿಸುವುದು ತನ್ನ ಕೈಯಲ್ಲಿಲ್ಲ ಅಂದಳು. ಅಲ್ಲಿಯವರೆಗೆ ಬೇಕಾದರೆ ಗ್ಲೌಸ್ ಹಾಕಿ ತಿನ್ನಿಸಿ ಅಂತ ಒಂದು ಪೆಟ್ಟಿಗೆ ಕೊಟ್ಟಳು. ಹಾಕಿದೆ, ಯಾಕೆ ಸುಳ್ಳು ಹೇಳಲಿ. ಮಗು ಮೂಸಿ ನೋಡಿ ಮುಖ ತಿರುಗಿಸಿತು. ನನಗೂ ಆ ರಬ್ಬರಿನಲ್ಲಿ ಮುಳ್ಳು ಯಾವುದು, ಮೀನು ಯಾವುದು ತಿಳಿಯಲಿಲ್ಲ. ಮತ್ತೆ ಡಬ್ಬ ಹೇಗೆ ಬಂತೋ ಹಾಗೇ ವಾಪಸು, ಮತ್ತೆ ಮಧ್ಯಾಹ್ನದ ಅಳು.

ಮನೆಯಲ್ಲಿ ಹೇಳಿದರೆ ಅಲ್ಲಿಯೂ ಯುದ್ಧ. ನಮ್ಮವರು ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿದ್ದವರು. ಆ ವರ್ಷ ಕಂಪನಿಯ ಗುತ್ತಿಗೆ ಮುಗಿದು ಅವರ ಕೆಲಸ ಖಲಾಸ್ ಆಗಿತ್ತು. ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಕೆಲಸ ಹುಡುಕಲು ಹೋಗುತ್ತಿದ್ದರು. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ. ಅದು ಹೋದರೆ ಗಂಟುಮೂಟೆ ಕಟ್ಟಿ ಊರಿನ ವಿಮಾನ ಹತ್ತುವುದೇ.

"ಸೈನ್ ಹಾಕು ಮಾರಾಯ್ತಿ," ಅಂದರು. "ಒಂದು ಸೈನ್ ಹಾಕಿದರೆ ಕೈ ಉದುರಿ ಬೀಳ್ತದಾ? ನಾನು ಇಲ್ಲಿ ಏನೇನಕ್ಕೆಲ್ಲ ಸೈನ್ ಹಾಕಿದ್ದೇನೆ ಗೊತ್ತುಂಟಾ ನಿನಗೆ?"

"ನೀವು ಹಾಕಿದ್ದು ಪೆಟ್ಟಿಗೆಗಳಿಗೆ. ಇದು ಉಮ್ಮನ ಕೈ."

ಮಗ ಫೋನಿನಿಂದ ತಲೆ ಎತ್ತದೆ, "ಜಸ್ಟ್ ಸೈನ್ ಇಟ್ ಉಮ್ಮ," ಅಂದ. ಅವನಿಗೆ ಹದಿನೈದು ವರ್ಷ, ಬ್ಯಾರಿ, ಕನ್ನಡ ಎರಡೂ ಅರ್ಥ ಆಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಚಮಚದಲ್ಲಿ ಅನ್ನ ತಿನ್ನುತ್ತಿದ್ದ. ಒಂಬತ್ತು ವರ್ಷ ಆಗುವವರೆಗೂ ನನ್ನ ಕೈಯಿಂದಲೇ ಉಂಡ ಬಾಯಿ ಅದು. ನನಗೆ ಸಿಟ್ಟು ನೆತ್ತಿಗೇರಿತು. ಅಡಿಗೆಮನೆಗೆ ಹೋಗಿ ಎಲ್ಲ ಪಾತ್ರೆಗಳನ್ನು ಶಬ್ದ ಮಾಡಿ ತೊಳೆದೆ. ನಮ್ಮವರು ಹೇಳಿದ್ದು ತಪ್ಪೇನಲ್ಲ, ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಪಾತ್ರೆಗಳ ಮೇಲೆ ಅಷ್ಟು ಸಿಟ್ಟು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಮನೆ ಬಾಡಿಗೆ ಯಾರು ಕಟ್ಟುತ್ತಾರೆ ಅಂತ ಅದರಲ್ಲಿ ಇರಲಿಲ್ಲ.

ಮೀಟಿಂಗಿನ ದಿನ ಬಂತು. ಮೇಜಿನ ಆಚೆ ಮ್ಯಾನೇಜರ್, ಈಚೆ ಗಂಡಹೆಂಡತಿ, ಬದಿಯಲ್ಲಿ ನಾನು. ಎಲ್ಲ ಮಾತೂ ಇಂಗ್ಲಿಷಿನಲ್ಲಿ. ಅಪ್ಪ ಮೊದಲೇ ಹೇಳಿದ, ನಮ್ಮಿಂದ ಯಾವ ದೂರೂ ಇಲ್ಲ, ಇವರು ರಾರ್. ತಾಯಿ ಕೂಡಲೆ ತಿರುಗಿ, ಹೌದು, ರಾರ್, ಅದೇ ಸಮಸ್ಯೆ ಅಂದಳು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಒಂದೆರಡು ಮಾತು ಆಡಿದರು. ಆಮೇಲೆ ಅವರಿಗೇ ಅದು ಹಳೆಯ ತಮಾಷೆಯಾಗಿ ಕಂಡಿತೋ ಏನೋ, ಅಪ್ಪ ನಕ್ಕು ಮ್ಯಾನೇಜರಿಗೆ ಶಬ್ದದ ಕಥೆ ವಿವರಿಸತೊಡಗಿದ. ಮ್ಯಾನೇಜರ್ ಓಹೋ, ಇಂಟರೆಸ್ಟಿಂಗ್ ಅನ್ನುತ್ತಾ ತಲೆಯಾಡಿಸಿದಳು.

ನನಗೆ ಮೈ ಉರಿಯಿತು. ನನ್ನ ಅನ್ನದ ಪ್ರಶ್ನೆ ಮೇಜಿನ ಮೇಲೆ ಬಿದ್ದಿದೆ, ಇವರಿಗೆ ಪದದ ಆಟ! "ಎಕ್ಸ್‌ಕ್ಯೂಸ್ ಮಿ," ಅಂದೆ. ನನ್ನ ಇಂಗ್ಲಿಷ್ ಹರಕು, ಆದರೆ ಸಿಟ್ಟು ಬಂದಾಗ ಓಡುತ್ತದೆ. "ನಿಮ್ಮ ಆ ಶಬ್ದಕ್ಕೆ ಎಷ್ಟು ಅರ್ಥ ಉಂಟು ಅಂತ ನಿಮಗಿಂತ ಮೊದಲು ಗೇಟಿನಲ್ಲಿ ನಿಂತು ಕೇಳಿದವಳು ನಾನು. ಐದು ದೇಶದವರು ಅದಕ್ಕೆ ನಾಲ್ಕು ಥರ ಅರ್ಥ ಹೇಳಿದರೂ ಈ ಮಗು ಹಸಿದದ್ದು ಒಂದೇ ಥರ. ನಮ್ಮಲ್ಲಿಯೂ ಅಂಥ ಒಂದು ಶಬ್ದ ಉಂಟು, ಪಾಪ ಅಂತ. ಕಷ್ಟದಲ್ಲಿರುವವರನ್ನು ಕಂಡು ಮರುಗಿದರೆ ಪಾಪ. ದೇವರ ಮುಂದೆ ಲೆಕ್ಕ ಕೊಡಬೇಕಾದ ತಪ್ಪೂ ಪಾಪ. ಹಸಿದ ಮಗುವನ್ನು ಡಬ್ಬದ ಎದುರು ಕೂರಿಸಿ ನೋಡುತ್ತಾ ನಿಲ್ಲುವಾಗ ನನಗೆ ಎರಡೂ ಒಟ್ಟಿಗೆ ಕಾಣುತ್ತದೆ."

ಆಮೇಲೆ ತಾಯಿ ಮಾತಾಡಿದಳು, ನನ್ನನ್ನು ನೋಡದೆ, ತನ್ನ ಕೈಗಳನ್ನು ನೋಡುತ್ತಾ. ತನ್ನ ಊರಲ್ಲಿ ಮೂರು ವರ್ಷದ ಮಗು ತಾನೇ ತಿನ್ನುತ್ತದೆ, ತಾನೂ ಹಾಗೇ ಬೆಳೆದದ್ದು. ಇಲ್ಲಿಗೆ ಬಂದ ಮೇಲೆ ಮನೆಯಲ್ಲಿಯೂ ಮಗಳು ತಿನ್ನುತ್ತಿಲ್ಲ. ರಾತ್ರಿಯ ಹಾಲೊಂದೇ ಗತಿ. ಆ ಫೋಟೋದಲ್ಲಿ ಮಗಳು ಅಷ್ಟು ದೊಡ್ಡದಾಗಿ ಬಾಯಿ ತೆರೆದದ್ದನ್ನು ನೋಡಿ, ಕಾರಿನಲ್ಲಿ ಕೂತು ಅತ್ತುಬಿಟ್ಟೆ ಅಂದಳು. "ನಿಮ್ಮ ಕೈಯಿಂದ ತಿನ್ನುತ್ತಾಳೆ. ನನ್ನಿಂದ ತಿನ್ನುವುದಿಲ್ಲ."

ಅಯ್ಯೋ ದೇವರೇ ಅನಿಸಿತು ನನಗೆ. ಇಷ್ಟು ದಿನ ಅವಳ ಗಂಟಿಕ್ಕಿದ ಹುಬ್ಬನ್ನು ನಾನು ಕೊಬ್ಬು ಅಂದುಕೊಂಡಿದ್ದೆ. ಅದು ಹೊಟ್ಟೆಯ ಸಂಕಟ. ತಾಯಂದಿರ ಸಂಕಟ ಯಾವ ದೇಶದ್ದಾದರೂ ಮುಖದಲ್ಲಿ ಹಾಗೇ ಕಾಣುತ್ತದೆ, ನನಗೆ ಓದಲು ಬರಲಿಲ್ಲ.

ಆದರೆ ಮ್ಯಾನೇಜರಿಗೆ ಬೇಕಾದದ್ದು ಸಂಕಟ ಅಲ್ಲ, ಸೈನ್. ದೂರು ಕೊಟ್ಟವರು ಬೇರೆ ಯಾರೋ, ಅವರಿಗೆ ಉತ್ತರ ಕೊಡಬೇಕು. ಕಾಗದವನ್ನು ಮತ್ತೆ ನನ್ನ ಮುಂದೆ ಸರಿಸಿದಳು, ಪೆನ್ನೂ ಇಟ್ಟಳು. ನಾನು ಓದಿದೆ. ಅಶುಚಿ ಅನ್ನುವ ಶಬ್ದ ಅಲ್ಲೇ ಇತ್ತು. "ಇದೊಂದನ್ನು ಹೊಡೆದುಹಾಕಿ, ಉಳಿದದ್ದಕ್ಕೆಲ್ಲ ಸೈನ್ ಹಾಕುತ್ತೇನೆ," ಅಂತ ಕನ್ನಡದಲ್ಲೇ ಹೇಳಿದೆ. ಅವಳು ಇಂಗ್ಲಿಷಿನಲ್ಲೇ, ಸಾರಿ ಅಂದಳು. ಪೆನ್ನನ್ನು ಅವಳ ಕಡೆಗೇ ತಿರುಗಿಸಿಟ್ಟು ಎದ್ದುಬಂದೆ.

ಆ ತಿಂಗಳ ಕೊನೆಗೆ ನನ್ನನ್ನು ತೆಗೆದರು. ಕೊನೆಯ ದಿನ ಸ್ವೀಡನ್ನಿನ ಟೀಚರ್ ನನ್ನನ್ನು ತಬ್ಬಿಕೊಂಡು, "ನೀವು ರಾರ್, ನಮ್ಮ ಅರ್ಥದಲ್ಲಿ," ಅಂದಳು. "ನಿಮ್ಮದು ನನಗೆ ಬೇಡ, ನಾರ್ವೆಯವರದ್ದೇ ಇರಲಿ," ಅಂದೆ. ನಾನು ತಮಾಷೆಗೆ ಹೇಳಿದ್ದಲ್ಲ. ಮುದ್ದಾದವರನ್ನು, ಒಳ್ಳೆಯವರನ್ನು ಕೆನ್ನೆ ತಟ್ಟಿ ಮನೆಗೆ ಕಳಿಸುವುದು ಸುಲಭ. ಒಂದು ನಮೂನೆಯವಳು ಅನಿಸಿಕೊಂಡೇ ನಾನು ಆ ಗೇಟು ದಾಟಿದೆ. ಹೌದಪ್ಪ, ನಾನು ವಿಚಿತ್ರವೇ. ಬೇರೆಯವರ ಮಗುವಿಗೆ ಬೆರಳಲ್ಲಿ ಮುಳ್ಳು ಹುಡುಕುವವಳು. ಯಾವ ಡಿಕ್ಷನರಿಯಲ್ಲಿ ಬೇಕಾದರೂ ಬರೆದುಕೊಳ್ಳಲಿ.

ಮನೆಯಲ್ಲಿ ನಮ್ಮವರು ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ ಶನಿವಾರ. ಬೆಲ್ ಆಯಿತು. ಬಾಗಿಲು ತೆರೆದರೆ ನಾರ್ವೆಯ ತಾಯಿ, ಸೊಂಟದಲ್ಲಿ ಮಗು, ಕೈಯಲ್ಲಿ ಡಬ್ಬ. ಟೀಚರ್ ಹತ್ತಿರ ನಮ್ಮ ವಿಳಾಸ ಕೇಳಿಕೊಂಡು ಬಂದಿದ್ದಳು. ಮಗು ನನ್ನನ್ನು ಕಂಡದ್ದೇ ಜಾರಿ ಇಳಿದು ನನ್ನ ಕಾಲು ಹಿಡಿಯಿತು. ಕೆನ್ನೆ ಇಳಿದುಹೋಗಿತ್ತು.

ಅವಳು ನಿಂತೇ ಹೇಳಿದಳು. ಮಗಳು ಮತ್ತೆ ತಿನ್ನುತ್ತಿಲ್ಲ. ನರ್ಸರಿ ಬಿಡಿಸಿದ್ದೇವೆ. ನೀವು ನಮ್ಮ ಮನೆಗೆ ಬನ್ನಿ, ಮಗುವನ್ನು ನೋಡಿಕೊಳ್ಳಿ, ಉಣ್ಣಿಸಿ. ನಿಮ್ಮ ಮೊದಲಿನ ಸಂಬಳಕ್ಕಿಂತ ಹೆಚ್ಚು ಕೊಡುತ್ತೇವೆ. ನಮ್ಮವರು ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತಿದ್ದರು. ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಜೀವ ಬಂದದ್ದನ್ನು ನೋಡಿದೆ. ನನಗೂ ಎದೆ ಹಗುರಾಯಿತು, ಇಲ್ಲ ಅನ್ನುವುದಿಲ್ಲ. ಆ ಕೆಲಸ ನನಗೆ ಬೇಕಿತ್ತು. ಆ ಮಗು ಕೂಡ ಬೇಕಿತ್ತು.

"ಮೊದಲು ಇದಕ್ಕೆ ಹಸಿವಾಗಿದೆ, ಕೂತುಕೊಳ್ಳಿ," ಅಂದೆ.

ನೆಲದಲ್ಲಿ ಚಾಪೆ ಹಾಕಿ, ಅದರ ಮೇಲೆ ಊಟದ ಬಟ್ಟೆ ಹಾಸಿದೆ. ಅಗಲ ಬಟ್ಟಲಿಗೆ ಅವಳ ಡಬ್ಬ ಸುರಿದೆ. ಅದೇ ಆಲೂಗಡ್ಡೆ, ಅದೇ ಮೀನು. ಕೈ ತೊಳೆಯಲು ಎದ್ದವಳು ಅಲ್ಲೇ ನಿಂತೆ. ತಾಯಿಯ ಕಣ್ಣು ನನ್ನ ಕೈಯ ಮೇಲಿತ್ತು. ಮೀಟಿಂಗಿನಲ್ಲಿ ತನ್ನ ಕೈಗಳನ್ನು ನೋಡುತ್ತಾ ಕೂತಿದ್ದಳಲ್ಲ, ಆಗ ಇದ್ದ ಮುಖವೇ.

"ನೀವು ಕೈ ತೊಳೆದು ಬನ್ನಿ," ಅಂದೆ ಅವಳಿಗೆ.

ಮುಳ್ಳು ಹುಡುಕುವುದನ್ನು ತೋರಿಸಿಕೊಟ್ಟೆ, ದೂರದಿಂದಲೇ, ಬಾಯಿಮಾತಿನಲ್ಲಿ. ಬೆರಳ ತುದಿಯಲ್ಲಿ ಒತ್ತಿ ನೋಡಿ, ಬಿಸಿ ಉಂಟಾ ನೋಡಿ, ಉಂಡೆ ಚಿಕ್ಕದು ಮಾಡಿ. ಅವಳಿಗೆ ಕಟ್ಟಲು ಬರಲಿಲ್ಲ, ಅರ್ಧ ಬೆರಳಿಗೆ ಅಂಟಿತು, ಅರ್ಧ ಬಟ್ಟೆಗೆ ಬಿತ್ತು. ಹೇಗೋ ಒಂದು ಡೊಂಕು ಉಂಡೆಯಾಯಿತು. ಮಗುವಿನ ಬಾಯಿಯ ಹತ್ತಿರ ಹಿಡಿದಳು. ಮಗು ಮುಖ ತಿರುಗಿಸಿ, ನನ್ನ ಕಡೆ ನೋಡಿ, ನನಗೆ ಬಾಯಿ ತೆರೆಯಿತು.

ನನ್ನ ಕೈ ತಡೆಯಲಿಲ್ಲ, ಎದ್ದೇಬಿಟ್ಟಿತು. ಎರಡೂ ಕೈಯನ್ನು ತೊಡೆಯಡಿಗೆ ಹಾಕಿ ಅದರ ಮೇಲೆ ಕೂತೆ. ಮಗು ಅತ್ತಿತು. ನನ್ನ ಮೊಣಕಾಲು ಹಿಡಿದು ಎಳೆಯಿತು. ತಾಯಿ ಕಣ್ಣೀರು ತುಂಬಿಕೊಂಡು, "ನೋಡಿ, ಅವಳಿಗೆ ನೀವೇ ಬೇಕು," ಅಂದಳು. ನಮ್ಮವರು ಬಾಗಿಲಿನಿಂದ, "ಒಂದು ತುತ್ತು ಕೊಡು ಮಾರಾಯ್ತಿ, ಎಂತ ಹಠ ನಿನ್ನದು," ಅಂದರು. ನಾನು ಕೂತಲ್ಲಿಂದ ಅಲುಗಲಿಲ್ಲ. "ಕೈ ಹಿಂದೆ ತೆಗೆಯಬೇಡಿ. ಹಾಗೇ ಹಿಡಿದಿರಿ," ಅಂತ ಮಾತ್ರ ತಾಯಿಗೆ ಹೇಳಿದೆ. ಮಗು ಬಿಕ್ಕಿ ಬಿಕ್ಕಿ ಸುಸ್ತಾಗಿ ಅತ್ತ ತಿರುಗಿತು. ಆ ಡೊಂಕು ಉಂಡೆ ಇನ್ನೂ ಅಲ್ಲೇ ಇತ್ತು. ಮೂಸಿತು. ತಿಂದಿತು.

ನನಗೆ ಸಂತೋಷವಾಯಿತು ಅಂತ ಬರೆಯಬೇಕು. ಮೊದಲು ಆದದ್ದು ಹೊಟ್ಟೆಕಿಚ್ಚು. ಎರಡನೆಯ ತುತ್ತಿಗೆ ಬೆರಳು ಕಚ್ಚಿಸಿಕೊಂಡು ತಾಯಿ ಅಯ್ಯೋ ಅಂತ ತನ್ನ ಭಾಷೆಯಲ್ಲಿ ಕೂಗಿದಾಗ ಮಗು ನಕ್ಕಿತು, ಆಗ ನನಗೂ ನಗು ಬಂತು, ನಮ್ಮವರಿಗೂ ಬಂತು. "ಬೆರಳು ಒಳಗೆ ಬಿಡಬೇಡಿ, ಹೆಬ್ಬೆರಳಿನಿಂದ ದೂಡಿ," ಅಂದೆ. ಅವಳು ಕಲಿತಳು. ಬಟ್ಟಲು ತಳ ಕಾಣುತ್ತಾ ಬಂತು.

ಮುಂಗೈಯಿಂದ ಕಣ್ಣು ಒರೆಸಿಕೊಂಡು ಅವಳು ಕೇಳಿದಳು, "ಹಾಗಾದರೆ ನಾಳೆಯಿಂದ ಬರುತ್ತೀರಾ?"

ನಮ್ಮವರು ನನ್ನನ್ನೇ ನೋಡುತ್ತಿದ್ದರು. ಅವರ ಇಸ್ತ್ರಿ ಅಂಗಿ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು.

"ನನಗೆ ಕೆಲಸ ಬೇಕು," ಅಂದೆ. "ಆದರೆ ನೀವು ಹೇಳುವ ಕೆಲಸ ಈಗ ಖಾಲಿ ಇಲ್ಲ. ನೀವೇ ಮಾಡುತ್ತಿದ್ದೀರಲ್ಲ."

ಅವಳು ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಮಗು ಅವಳ ಮಣಿಕಟ್ಟು ಹಿಡಿದು ಬಟ್ಟಲಿನ ಕಡೆ ಎಳೆಯಿತು.